ಕೋಮುವಾರು ವಿದ್ಯಾನೆರವು ಮತ್ತು ಪ್ರತಿಭಾಪುರಸ್ಕಾರ: ಮೈಸೂರು ಸೀಮೆಯ ಇತಿಹಾಸದ ಹಿನ್ನೆಲೆಯಲ್ಲಿ ಒಂದು ವಿಚಾರ

೧. ಪ್ರಶ್ನೆಯ ಸ್ವರೂಪ

ಪ್ರತಿವರ್ಷವೂ ಹತ್ತನೆಯ ತರಗತಿ ಹಾಗೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳ ಫಲಿತಾಂಶ ಪ್ರಕಟವಾದ ಮೇಲೆ, ಬೆಂಗಳೂರಿನ ಪಶ್ಚಿಮ ಬಡಾವಣೆಗಳಾದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಕೆಂಗೇರಿಯವರೆಗೆ, ಒಂದೇ ಬಗೆಯ ಸಮಾರಂಭಗಳು ಭಾನುವಾರಗಳಂದು ಸಾಲಾಗಿ ಜರುಗುತ್ತವೆ. ಒಂದೊಂದು ಜಾತಿಯ ಇಲ್ಲವೆ ಒಳಪಂಗಡದ ಸಂಘವು ತನ್ನ ಸಮುದಾಯದಲ್ಲಿ ಹೆಚ್ಚಿನ ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸಿ, ನೆನಪಿನ ಕಾಣಿಕೆಯನ್ನೂ ಯಥಾಶಕ್ತಿ ನಗದನ್ನೂ ಕೊಟ್ಟು ಗೌರವಿಸುತ್ತದೆ. ಇದಕ್ಕೆ ಪ್ರತಿಭಾಪುರಸ್ಕಾರವೆಂದು ಹೆಸರು. ಅರ್ಜಿಯೊಡನೆ ಅಂಕಪಟ್ಟಿಯ ಪ್ರತಿಯನ್ನೂ ಜಾತಿ ಪ್ರಮಾಣಪತ್ರದ ಪ್ರತಿಯನ್ನೂ ಲಗತ್ತಿಸಬೇಕೆಂಬುದು ಸಾಮಾನ್ಯವಾದ ನಿಬಂಧನೆ.

ಇಂಥ ಮನ್ನಣೆ ಸಮಾಜವನ್ನು ಒಡೆಯುವುದೇ, ಅಲ್ಲವೇ ಎಂಬ ಪ್ರಶ್ನೆ ಅಧ್ಯಾಪಕರ ಕೊಠಡಿಗಳಲ್ಲಿ ಆಗಾಗ ಏಳುತ್ತದೆ. ಒಂದು ಪಕ್ಷದವರು ಇದು ಜಾತಿಯನ್ನು ಎಳೆಯ ಮನಸ್ಸಿನಲ್ಲಿ ಬಿತ್ತುವ ಕಾರ್ಯವೆಂದು ಖಂಡಿಸುತ್ತಾರೆ. ಇನ್ನೊಂದು ಪಕ್ಷದವರು, ತಮ್ಮವರು ತಮ್ಮ ಮಕ್ಕಳ ಬೆನ್ನು ತಟ್ಟಿದರೆ ಪರರಿಗೇನು ನಷ್ಟವೆಂದು ಕೇಳುತ್ತಾರೆ. ಎರಡು ಪಕ್ಷಗಳ ಮಾತಿನಲ್ಲಿಯೂ ತಥ್ಯಾಂಶವುಂಟು. ಆದರೆ ಈ ಚರ್ಚೆ ನಮ್ಮ ನಾಡಿನಲ್ಲಿ ನೂರು ವರ್ಷಕ್ಕೂ ಹಳೆಯದೆಂಬುದನ್ನು ಇಬ್ಬರೂ ಮರೆತಂತೆ ತೋರುತ್ತದೆ. ಇಂದಿನ ಪುರಸ್ಕಾರದ ಬೇರು ಹಿಂದಿನ ಜಾತಿವಾರು ವಿದ್ಯಾರ್ಥಿನಿಲಯದಲ್ಲಿಯೂ ವಿದ್ಯಾರ್ಥಿವೇತನದಲ್ಲಿಯೂ ಇದೆ. ಆ ಬೇರನ್ನು ಮೊದಲು ಪರೀಕ್ಷಿಸಿ, ಬಳಿಕ ಇಂದಿನ ಪ್ರಶ್ನೆಗೆ ಬರುವುದು ಈ ಲೇಖನದ ಉದ್ದೇಶ.

೨. ಅಡಿಗೆಮನೆಯ ಕಟ್ಟುಪಾಡು ಮತ್ತು ವಿದ್ಯಾರ್ಥಿನಿಲಯಗಳು

ಜಾತಿವಾರು ವಿದ್ಯಾರ್ಥಿನಿಲಯಗಳು ಜಾತ್ಯಭಿಮಾನದಿಂದ ಮಾತ್ರವೇ ಹುಟ್ಟಿದುವೆಂದು ತಿಳಿಯುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸಕ್ಕೆ ಪಟ್ಟಣಕ್ಕೆ ಬರಬೇಕಾಗಿದ್ದ ಹಳ್ಳಿಯ ಹುಡುಗನ ಮುಂದೆ ಮೊದಲು ನಿಲ್ಲುತ್ತಿದ್ದುದು ಊಟದ ಪ್ರಶ್ನೆ. ಬಡ ಬ್ರಾಹ್ಮಣ ವಿದ್ಯಾರ್ಥಿಗೆ ವಾರಾನ್ನದ ಪದ್ಧತಿ ಆಸರೆಯಾಗಿತ್ತು. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು, ಎಷ್ಟೋ ಮಂದಿ ವಿದ್ಯಾವಂತರಾದರು. ಇದರಲ್ಲಿ ಗೃಹಸ್ಥರ ಔದಾರ್ಯವಿತ್ತೆಂಬುದು ನಿರ್ವಿವಾದ. ಆದರೆ ಪಂಕ್ತಿಯ ಕಟ್ಟುಪಾಡಿನ ದೆಸೆಯಿಂದ ಈ ಔದಾರ್ಯ ಒಂದು ಕೋಮಿನ ಹುಡುಗರಿಗೆ ಮಾತ್ರ ದೊರೆಯಬಹುದಾಗಿತ್ತು. ಯಾವ ನಿಯಮಾವಳಿಯಲ್ಲಿಯೂ ಬರೆದಿರದಿದ್ದರೂ ವಾರಾನ್ನವು ಒಂದು ಮೀಸಲು ವಿದ್ಯಾರ್ಥಿವೇತನವೇ ಆಗಿತ್ತು. ಹೆಸರಿಲ್ಲದ ಮೀಸಲನ್ನು ಯಾರೂ ಮೀಸಲೆಂದು ಕರೆಯಲಿಲ್ಲ.

ಒಕ್ಕಲಿಗರ, ಲಿಂಗಾಯತರ, ಕುರುಬರ ಅಥವಾ ಮುಸಲ್ಮಾನರ ಹುಡುಗನಿಗೆ ಪಟ್ಟಣದಲ್ಲಿ ಅಂಥ ಏಳು ಮನೆಗಳು ಸಿಗುವಂತಿರಲಿಲ್ಲ. ಪಂಚಮರೆಂದು ಅಂದು ಕರೆಯಲಾಗುತ್ತಿದ್ದವರ ಮಗನಿಗೆ ಶಾಲೆಯ ಜಗಲಿಯೇ ದುರ್ಲಭವಾಗಿತ್ತು. ಒಂದೇ ಒಲೆಯ ಅನ್ನವನ್ನು ಎಲ್ಲರೂ ಉಣ್ಣಲೊಲ್ಲದ ಕಾಲದಲ್ಲಿ, ವಿದ್ಯಾರ್ಥಿನಿಲಯವೊಂದನ್ನು ತೆರೆಯಬೇಕಾದರೆ ಅದನ್ನು ಜಾತಿಗೊಂದರಂತೆ ತೆರೆಯುವುದಲ್ಲದೆ ಬೇರೆ ದಾರಿ ಸುಲಭವಾಗಿರಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು ೧೯೦೧ರಲ್ಲಿ ವಿಕ್ಟೋರಿಯಾ ಮರಾಠಾ ವಿದ್ಯಾರ್ಥಿನಿಲಯಕ್ಕೆ ಬೆಂಬಲವಿತ್ತು, ಮುಂದೆ ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಮೊದಲಾದ ಪಂಗಡಗಳಿಗೆ ಬೇರೆ ಬೇರೆ ನಿಲಯಗಳನ್ನು ಏರ್ಪಡಿಸಿದುದಕ್ಕೂ ಇದೇ ಹಿನ್ನೆಲೆ.

ಕನ್ನಡ ನಾಡಿನಲ್ಲಿ ಈ ಪ್ರಯತ್ನಗಳು ಹೆಚ್ಚುಕಡಿಮೆ ಏಕಕಾಲದಲ್ಲಿ ಆರಂಭವಾದುವು. ೧೯೦೪ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯೂ, ೧೯೦೬ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘವೂ, ೧೯೦೯ರಲ್ಲಿ ಮೈಸೂರು ಸಂಸ್ಥಾನದ ಸೆಂಟ್ರಲ್ ಮಹಮ್ಮದೀಯ ಸಂಘವೂ ಸ್ಥಾಪಿತವಾದುವು. ೧೯೦೬ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನು ಲಿಂಗಾಯತ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬಿಟ್ಟುಕೊಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಉಪಾಧ್ಯಾಯರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ತಮ್ಮದಲ್ಲದ ಪಂಗಡಕ್ಕಾಗಿ ದುಡಿದವರೂ ಇಲ್ಲದೆ ಇಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದು, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದರು.

ಬೆಂಗಳೂರಿನ ವರ್ತಕರಾದ ಗುಬ್ಬಿ ತೋಟದಪ್ಪನವರ ದಾನದಲ್ಲಿ ಈ ಕಾಲದ ಮನೋಧರ್ಮ ಸ್ಪಷ್ಟವಾಗಿ ಕಾಣುತ್ತದೆ. ಅವರು ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗಾಗಿ ಧರ್ಮಛತ್ರವನ್ನು ಕಟ್ಟಿಸಿದರು. ವೀರಶೈವ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನೂ ಏರ್ಪಡಿಸಿದರು. ಬಂದವನು ಪ್ರಯಾಣಿಕನೆಂಬುದನ್ನು ನೋಡಿ ಕೊಟ್ಟ ದಾನ ಒಂದು, ತಮ್ಮವನೆಂಬುದನ್ನು ನೋಡಿ ಕೊಟ್ಟ ದಾನ ಇನ್ನೊಂದು. ಒಂದೇ ಕೈಯಿಂದ ಬಂದ ಈ ಎರಡು ದಾನಗಳಲ್ಲಿ ಅವರ ಸಮಕಾಲೀನರಿಗೆ ಯಾವ ವಿರೋಧವೂ ತೋರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ನಿಲಯಗಳಲ್ಲಿ ಉಂಡ ಹುಡುಗನು ಓದುತ್ತಿದ್ದುದು ಸರ್ವರಿಗೂ ಸಾಮಾನ್ಯವಾದ ಶಾಲೆಯಲ್ಲಿ. ಬರೆಯುತ್ತಿದ್ದುದು ಸಾಮಾನ್ಯವಾದ ಪರೀಕ್ಷೆಯನ್ನು. ಊಟದ ಮನೆ ಪ್ರತ್ಯೇಕ, ಪಾಠದ ಮನೆ ಒಂದೇ. ಅಂದರೆ ಮುಚ್ಚಿದ ಬಾಗಿಲೊಂದು ತೆರೆದ ಬಾಗಿಲಿನ ಕಡೆಗೆ ದಾರಿ ಮಾಡಿಕೊಟ್ಟಿತು. ಕೆಲವು ಕಡೆ ಮುಚ್ಚಿದ ಬಾಗಿಲೇ ಕಾಲಕ್ರಮದಲ್ಲಿ ತೆರೆಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳ ದೀರ್ಘ ಅಧಿಕಾರಾವಧಿಯಲ್ಲಿ (೧೯೪೧–೨೦೧೯) ಎಲ್ಲ ಜಾತಿಗಳ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು ಕಲಿತುದು ಇದಕ್ಕೆ ಉಜ್ವಲ ನಿದರ್ಶನ.

೩. ಮಿಲ್ಲರ್ ಸಮಿತಿಯಿಂದ ಹಾವನೂರು ಆಯೋಗದವರೆಗೆ

ಸಂಘಗಳ ಸ್ವಂತ ದಾನದಿಂದ ಸರ್ಕಾರದ ಮೀಸಲಿಗೆ ಬಂದಾಗ ವಿವಾದ ತೀವ್ರವಾಯಿತು. ಮೈಸೂರು ಸಂಸ್ಥಾನದಲ್ಲಿ ಜನಸಂಖ್ಯೆಯ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರು ಸರ್ಕಾರದ ಉನ್ನತ ಹುದ್ದೆಗಳಲ್ಲಿ ಬಹುಪಾಲನ್ನು ಹೊಂದಿದ್ದರು. ೧೯೧೭ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಲಿಯೂ ಇತರ ಸಂಘಗಳೂ ಈ ಅಸಮತೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದಿಟ್ಟುವು. ೧೯೧೮ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. ಶಿಕ್ಷಣವನ್ನೂ ಉದ್ಯಮವನ್ನೂ ವಿಸ್ತರಿಸಿದರೆ ಅಸಮತೆ ತಾನಾಗಿ ಕರಗುವುದೆಂದೂ, ಯೋಗ್ಯತೆಯನ್ನು ಬದಿಗೊತ್ತಿದರೆ ಆಡಳಿತ ಕುಸಿಯುವುದೆಂದೂ ಅವರ ನಂಬಿಕೆಯಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು.

೧೯೧೯ರ ಜುಲೈಯಲ್ಲಿ ಸಲ್ಲಿಸಿದ ವರದಿಯಲ್ಲಿ ಮಿಲ್ಲರ್ ಸಮಿತಿಯು, ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲಿನಂತೆಯೂ ಬ್ರಾಹ್ಮಣೇತರರು ಇರುವಂತಾಗಬೇಕೆಂದು ಶಿಫಾರಸು ಮಾಡಿತು. ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಸೌಕರ್ಯಗಳನ್ನೂ ಹೆಚ್ಚಿಸಬೇಕೆಂದು ಸೂಚಿಸಿತು. ೧೯೨೧ರಲ್ಲಿ ಸರ್ಕಾರದ ಆಜ್ಞೆ ಹೊರಟಿತು.

ಇದು ಸಮಾಜವನ್ನು ಒಡೆಯಿತೇ? ಕಹಿ ಹುಟ್ಟಿತೆಂಬುದು ಸತ್ಯ. ಬಡ ಬ್ರಾಹ್ಮಣ ಕುಟುಂಬಗಳ ಎಷ್ಟೋ ತರುಣರು ಮದರಾಸು, ಮುಂಬಯಿಗಳಿಗೆ ಉದ್ಯೋಗ ಅರಸಿಕೊಂಡು ಹೋದರು. ಆದರೆ ಒಡಕು ಆಜ್ಞೆಯಿಂದ ಹುಟ್ಟಿತೆಂದು ಹೇಳುವುದು ಕ್ರಮವನ್ನು ತಿರುವುಮುರುವು ಮಾಡಿದಂತೆ. ಪಂಕ್ತಿಯಲ್ಲಿಯೂ ಕಛೇರಿಯಲ್ಲಿಯೂ ಮೊದಲೇ ಇದ್ದ ಒಡಕನ್ನು ಆಜ್ಞೆಯು ಕಾಗದದ ಮೇಲೆ ಬರೆದಿತು. ಬರೆದುದರಿಂದ ಅದು ಎಲ್ಲರ ಕಣ್ಣಿಗೂ ಬಿದ್ದಿತು.

ಆ ನೀತಿಯ ನಿಜವಾದ ದೋಷ ಬೇರೆಡೆ ಇತ್ತು. ಬ್ರಾಹ್ಮಣೇತರರೆಲ್ಲರನ್ನೂ ಒಂದೇ ಹೆಸರಿನಡಿ ಸೇರಿಸಿದುದರಿಂದ, ಭೂಮಿಯೂ ಸಂಘಬಲವೂ ಇದ್ದ ದೊಡ್ಡ ಕೋಮುಗಳ ಮಕ್ಕಳು ಮುಂದೆ ಬಂದರು. ಸಣ್ಣ ಕಸುಬಿನ ಜಾತಿಗಳೂ ಅಲೆಮಾರಿಗಳೂ ಹೆಸರಿನಲ್ಲಿ ಸೇರಿದ್ದು ಫಲದಲ್ಲಿ ಹೊರಗುಳಿದರು.

ಮದರಾಸು ಪ್ರಾಂತದಲ್ಲಿ ಇನ್ನೊಂದು ವಿಧಾನವಿತ್ತು. ದಕ್ಷಿಣ ಕನ್ನಡ, ಬಳ್ಳಾರಿಗಳೂ ಆಗ ಅದರಲ್ಲಿಯೇ ಸೇರಿದ್ದುವು. ಅಲ್ಲಿಯ ಕೋಮುವಾರು ಆಜ್ಞೆಯಂತೆ ಕಾಲೇಜಿನ ಪ್ರತಿ ಹದಿನಾಲ್ಕು ಸ್ಥಾನಗಳಲ್ಲಿ ಆರು ಬ್ರಾಹ್ಮಣೇತರ ಹಿಂದೂಗಳಿಗೆ, ಎರಡು ಹಿಂದುಳಿದ ಹಿಂದೂಗಳಿಗೆ, ಎರಡು ಬ್ರಾಹ್ಮಣರಿಗೆ, ಎರಡು ಹರಿಜನರಿಗೆ, ಒಂದು ಆಂಗ್ಲೋ-ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ, ಒಂದು ಮುಸಲ್ಮಾನರಿಗೆ ಹಂಚಿಕೆಯಾಗುತ್ತಿದ್ದುವು. ಇಲ್ಲಿ ಪ್ರತಿಯೊಬ್ಬನೂ ತನ್ನವರೊಡನೆ ಮಾತ್ರವೇ ಸ್ಪರ್ಧಿಸಬೇಕಾಗಿತ್ತು. ಹಿಂದೆ ಬಿದ್ದವನನ್ನು ಸಾಮಾನ್ಯ ಅಂಗಳಕ್ಕೆ ಕರೆತರುವ ಬದಲು, ಅಂಗಳವನ್ನೇ ಆರು ಭಾಗ ಮಾಡಿದಂತಾಗಿತ್ತು. ೧೯೫೧ರಲ್ಲಿ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಆಜ್ಞೆಯನ್ನು ರದ್ದುಗೊಳಿಸಿತು. ಅದೇ ವರ್ಷ ಸಂವಿಧಾನದ ಮೊದಲನೆಯ ತಿದ್ದುಪಡಿಯು ೧೫ನೆಯ ಅನುಚ್ಛೇದಕ್ಕೆ ನಾಲ್ಕನೆಯ ಉಪಖಂಡವನ್ನು ಸೇರಿಸಿ, ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಡು ಮಾಡಲು ಅವಕಾಶವಿತ್ತಿತು. ಕೋಮು ಎಂಬುದರಿಂದ ಹಿಂದುಳಿದಿರುವಿಕೆ ಎಂಬುದಕ್ಕೆ ಅಳತೆಗೋಲು ಬದಲಾಯಿತು. ಈ ಬದಲಾವಣೆ ಸಣ್ಣದಲ್ಲ.

ಮೈಸೂರು ಸರ್ಕಾರವು ೧೯೬೨ರ ಜುಲೈಯಲ್ಲಿ ವೃತ್ತಿಶಿಕ್ಷಣದ ಸ್ಥಾನಗಳಲ್ಲಿ ಶೇಕಡ ೬೮ನ್ನು ಮೀಸಲಿರಿಸಿ ಹೊರಡಿಸಿದ ಆಜ್ಞೆಯು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಬಿದ್ದುಹೋಯಿತು. ಹಿಂದುಳಿದಿರುವಿಕೆಯನ್ನು ನಿರ್ಧರಿಸಲು ಜಾತಿಯೊಂದೇ ಆಧಾರವಾಗಲಾರದೆಂದು ನ್ಯಾಯಾಲಯ ಹೇಳಿತು. ಮುಂದೆ ದೇವರಾಜ ಅರಸರ ಕಾಲದಲ್ಲಿ ಎಲ್.ಜಿ. ಹಾವನೂರರ ಆಯೋಗವು ೧೯೭೫ರಲ್ಲಿ ವರದಿ ಕೊಟ್ಟು, ಅದುವರೆಗೆ ಸಂಘವೂ ದನಿಯೂ ಇಲ್ಲದಿದ್ದ ಅನೇಕ ಸಣ್ಣ ಜಾತಿಗಳನ್ನು ಬೆಳಕಿಗೆ ತಂದಿತು. ಮಿಲ್ಲರ್ ವರದಿಯಿಂದ ಹೊರಗುಳಿದವರ ಲೆಕ್ಕವನ್ನು ಐವತ್ತಾರು ವರ್ಷಗಳ ಮೇಲೆ ಹಾವನೂರು ವರದಿ ಬರೆದಿತೆನ್ನಬಹುದು.

ಈ ಅವಧಿಯಲ್ಲಿಯೇ ಸಂಘಗಳ ವಿದ್ಯಾಸಂಸ್ಥೆಗಳೂ ಮಾರ್ಪಟ್ಟುವು. ಸರ್ಕಾರದ ಅನುದಾನ ಪಡೆದ ಸಂಸ್ಥೆಯು ಜಾತಿಯ ಕಾರಣವೊಂದರಿಂದಲೇ ಯಾರಿಗೂ ಪ್ರವೇಶ ನಿರಾಕರಿಸಕೂಡದೆಂದು ಸಂವಿಧಾನದ ೨೯ನೆಯ ಅನುಚ್ಛೇದ ವಿಧಿಸಿತು. ಒಂದು ಕೋಮಿನ ಹೆಸರು ಹೊತ್ತ ಕಾಲೇಜಿನಲ್ಲಿ ಎಲ್ಲ ಕೋಮುಗಳ ಮಕ್ಕಳೂ ಓದುವುದು, ಎಲ್ಲ ಕೋಮುಗಳ ಅಧ್ಯಾಪಕರೂ ಪಾಠ ಹೇಳುವುದು ಇಂದು ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ವಿದ್ಯಾರ್ಥಿನಿಲಯಗಳಲ್ಲಿ ಅನೇಕವು ಇನ್ನೂ ಮೀಸಲಾಗಿಯೇ ಉಳಿದಿವೆಯಾದರೂ, ಕಾಲೇಜಿನ ಮಟ್ಟಿಗೆ ಬಾಗಿಲು ತೆರೆಯಿತು.

೪. ಪೇಟೆಯಿಂದ ಬಡಾವಣೆಗೆ: ಪುರಸ್ಕಾರದ ಉದಯ

ಹೀಗೆ ಊಟದ ಕಟ್ಟು ಸಡಿಲಿ, ಕಾಲೇಜು ತೆರೆದು, ಸರ್ಕಾರದ ವಿದ್ಯಾರ್ಥಿವೇತನ ವ್ಯಾಪಕವಾದ ಮೇಲೆಯೂ ಜಾತಿವಾರು ಪುರಸ್ಕಾರ ಏಕೆ ಬೆಳೆಯಿತು? ಬೆಂಗಳೂರಿನ ಪಶ್ಚಿಮ ಭಾಗದ ರಚನೆಯಲ್ಲಿಯೇ ಇದಕ್ಕೆ ಒಂದು ಉತ್ತರ ದೊರೆಯುತ್ತದೆ.

ಹಳೆಯ ಬೆಂಗಳೂರು ಪೇಟೆಯಲ್ಲಿ ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ ಎಂದು ಕಸುಬಿಗೊಂದು ಬೀದಿಯಿತ್ತು. ಅಲ್ಲಿ ಜಾತಿಯನ್ನು ಹುಡುಕಬೇಕಾಗಿರಲಿಲ್ಲ. ಬೀದಿಯ ಹೆಸರೇ ಅದನ್ನು ಹೇಳುತ್ತಿತ್ತು. ೧೯೪೯ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಆರಂಭವಾದ ರಾಜಾಜಿನಗರವೂ ಅನಂತರದ ವಿಜಯನಗರ, ಬಸವೇಶ್ವರನಗರಗಳೂ ಬೇರೆ ಬಗೆಯವು. ನಿವೇಶನ ಹಂಚಿಕೆಯಾದುದು ಅರ್ಜಿಯ ಮೇಲೆ, ಕಸುಬಿನ ಮೇಲಲ್ಲ. ಗಾಣಿಗರ ಮನೆಯ ಪಕ್ಕ ಬ್ರಾಹ್ಮಣರ ಮನೆ, ಅದರ ಎದುರು ದೇವಾಂಗರ ಮನೆ, ಮೂಲೆಯಲ್ಲಿ ಕ್ರೈಸ್ತರ ಮನೆ ಎದ್ದುವು. ಇಲ್ಲಿ ಬೀದಿಗೆ ಇಟ್ಟುದು ಸಂಖ್ಯೆ. ಬಡಾವಣೆಗೆ ಇಟ್ಟುದು ನಾಡಿನ ಹಿರಿಯರ, ಸಾಮ್ರಾಜ್ಯದ ಹೆಸರು. ಕುಲವನ್ನು ಕೇಳಕೂಡದೆಂದ ಬಸವಣ್ಣನವರ ಹೆಸರಿನ ಬಡಾವಣೆಯೂ ಅವುಗಳಲ್ಲಿ ಒಂದು.

ಬೀದಿಯಲ್ಲಿ ಚದುರಿಹೋದ ಕುಲ ಭಾನುವಾರದ ಮಂಟಪದಲ್ಲಿ ಕೂಡತೊಡಗಿತು. ಹಿಂದೆ ದಿನನಿತ್ಯದ ನೆರೆಹೊರೆ ಮಾಡುತ್ತಿದ್ದ ಕೆಲಸವನ್ನು ಈಗ ಸಂಘವು ವರ್ಷಕ್ಕೆ ಒಂದೆರಡು ಸಭೆಗಳಿಂದ ಮಾಡಬೇಕಾಯಿತು. ಪ್ರತಿಭಾಪುರಸ್ಕಾರ, ವಧೂವರರ ಸಮಾವೇಶ, ವಾರ್ಷಿಕೋತ್ಸವಗಳು ಒಂದೇ ಕರೆಯೋಲೆಯಲ್ಲಿ ಅಚ್ಚಾಗುವುದು ಆಕಸ್ಮಿಕವಲ್ಲ. ವೇದಿಕೆಯ ಮೇಲೆ ಜನಪ್ರತಿನಿಧಿಗಳಿಗೆ ಸ್ಥಾನವಿರುವುದೂ ಆಕಸ್ಮಿಕವಲ್ಲ. ನೆರೆದವರ ಸಂಖ್ಯೆಯನ್ನು ಅವರೂ ಎಣಿಸುತ್ತಾರೆ, ಸಂಘದವರೂ ಎಣಿಸುತ್ತಾರೆ.

ಹಿಂದಿನ ನಿಲಯಕ್ಕೂ ಇಂದಿನ ಪುರಸ್ಕಾರಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿ ಗೋಚರವಾಗುತ್ತದೆ. ವಿದ್ಯಾರ್ಥಿನಿಲಯವು ಹುಡುಗನನ್ನು ಕುಲದ ಮನೆಯಿಂದ ಸರ್ವರ ಶಾಲೆಗೆ ಕರೆದೊಯ್ಯುತ್ತಿತ್ತು. ಪುರಸ್ಕಾರವು ಸರ್ವರ ಪರೀಕ್ಷೆಯಲ್ಲಿ ಗೆದ್ದವನನ್ನು ಕುಲದ ಮಂಟಪಕ್ಕೆ ಹಿಂದಕ್ಕೆ ಕರೆಯುತ್ತದೆ. ಹಣ ಹೊರಟ ಕೈ ಒಂದೇ ಆಗಿರಬಹುದು. ನಡೆಯುವ ದಿಕ್ಕು ಮಾತ್ರ ಬೇರೆ. ನೆರವು ಹಿಂದುಳಿದವನನ್ನು ಹುಡುಕಿಕೊಂಡು ಹೋಗುತ್ತದೆ. ಪುರಸ್ಕಾರ ಈಗಾಗಲೇ ಮುಂದೆ ಬಂದವನನ್ನು ಹುಡುಕುತ್ತದೆ. ಶೇಕಡ ೯೫ ಅಂಕ ಪಡೆದ ಅನುಕೂಲವಂತರ ಮಗಳಿಗೆ ಶಾಲು ದೊರೆತು, ಅದೇ ಜಾತಿಯಲ್ಲಿ ಗಾರೆ ಕೆಲಸದವನ ಮಗ ಶೇಕಡ ೫೦ ಪಡೆದು ಶುಲ್ಕ ಕಟ್ಟಲಾರದೆ ಓದು ನಿಲ್ಲಿಸಿದರೆ, ಸಂಘವು ತನ್ನ ಮೂಲೋದ್ದೇಶವನ್ನು ಮರೆತಂತೆಯೇ ಸರಿ.

ಆದರೂ ಮನ್ನಣೆ ನಿರರ್ಥಕವೆಂದು ತಳ್ಳಿಹಾಕುವಂತಿಲ್ಲ. ತಲೆಮಾರುಗಳಿಂದ ಅವಮಾನವನ್ನೇ ಉಂಡವರಿಗೆ ಮನ್ನಣೆಯೇ ಒಂದು ನೆರವು. ಅಮೆರಿಕದಲ್ಲಿ ಕರಿಯರ ಹಕ್ಕುಗಳಿಗಾಗಿ ೧೯೦೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಘವು ೧೯೧೪ರಲ್ಲಿ ಸ್ಪಿಂಗಾರ್ನ್ ಪದಕವನ್ನು ಏರ್ಪಡಿಸಿತು. ಅದು ಕರಿಯರ ಸಾಧನೆಗೆ ಮಾತ್ರ ಮೀಸಲಾದ ಪದಕ. ಅದನ್ನು ಏರ್ಪಡಿಸಿದ ಜೋಯೆಲ್ ಸ್ಪಿಂಗಾರ್ನ್ ಕರಿಯರಲ್ಲ. ೧೯೧೫ರಲ್ಲಿ ಮೊದಲ ಪದಕ ಪಡೆದ ಅರ್ನೆಸ್ಟ್ ಜಸ್ಟ್ ಜೀವವಿಜ್ಞಾನಿಯಾಗಿದ್ದರೂ ಬಿಳಿಯರ ವಿಶ್ವವಿದ್ಯಾನಿಲಯಗಳು ಅವರಿಗೆ ಪ್ರಾಧ್ಯಾಪಕ ಸ್ಥಾನವೀಯುವ ಕಾಲ ಅದಾಗಿರಲಿಲ್ಲ. ಸಾಮಾನ್ಯ ವೇದಿಕೆಯು ಯಾರನ್ನು ಏರಗೊಡುವುದಿಲ್ಲವೋ ಅವರು ತಮ್ಮದೊಂದು ವೇದಿಕೆಯನ್ನು ಕಟ್ಟಿಕೊಂಡರೆ, ಒಡೆದವರು ಕಟ್ಟಿದವರಲ್ಲ. ನಮ್ಮಲ್ಲಿ ಪರಿಶಿಷ್ಟರ ಮಕ್ಕಳಿಗೆ ಸರ್ಕಾರವೀಯುವ ಪ್ರೋತ್ಸಾಹಧನವನ್ನೂ, ೧೯೪೪ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಇವನ್ನೂ ಪ್ರಬಲ ಕೋಮಿನ ಸಂಘವು ತನ್ನ ವೈಭವಕ್ಕಾಗಿ ಕೊಡುವ ಶಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

೫. ಸಂಘವಿಲ್ಲದವನು

ಈ ವಿಚಾರವನ್ನು ಬರೆಯಲು ಪ್ರೇರಣೆಯಾದ ಪ್ರಸಂಗವೊಂದನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಪಿ.ಯು.ಸಿ.ಯಲ್ಲಿ ಹೆಚ್ಚುಕಡಿಮೆ ಸಮಾನ ಅಂಕಗಳನ್ನು ಪಡೆದು ಬಂದವರು. ಒಬ್ಬನಿಗೆ ಒಳಪಂಗಡದ ಸಂಘದಿಂದ ಒಂದು, ದೊಡ್ಡ ಸಂಘದಿಂದ ಒಂದು, ಹೀಗೆ ಎರಡು ಪುರಸ್ಕಾರಗಳು ಬಂದಿದ್ದುವು. ಇನ್ನೊಬ್ಬನು ಅಲೆಮಾರಿ ಮೂಲದ ಒಂದು ಸಣ್ಣ ಪಂಗಡದವನು. ತನ್ನ ಬಂಧುವರ್ಗದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ಮೊದಲಿಗನು. ಜಾತಿ ಪ್ರಮಾಣಪತ್ರದ ಪ್ರತಿಗೆ ಸಹಿ ಹಾಕಿಸಿಕೊಳ್ಳಲು ಮೊದಲನೆಯವನು ಬಂದಾಗ ಅವನೂ ಜೊತೆಗಿದ್ದನು. “ಸಾರ್, ನಮ್ಮವರದು ಯಾವ ಸಂಘ?” ಎಂದು ಅವನು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರ ಸ್ನೇಹವೇನೂ ಅದರಿಂದ ಕೆಡಲಿಲ್ಲ. ಆದರೆ ಅದುವರೆಗೆ ಇಬ್ಬರನ್ನೂ ಒಂದೇ ಸಮನಾಗಿ ಕಂಡಿದ್ದ ಅಂಕಪಟ್ಟಿಯ ಮೇಲೆ, ಇನ್ನೊಂದು ಕಾಗದವು ಬಂದು ಕುಳಿತುದು ನಿಜ.

ಪರಿಶಿಷ್ಟ ಜಾತಿಗಳ ರಾಜ್ಯದ ಪಟ್ಟಿಯೊಂದರಲ್ಲಿಯೇ ನೂರೊಂದು ಜಾತಿಗಳಿವೆ. ಅವುಗಳಲ್ಲಿ ನಗರದಲ್ಲಿ ಮಂಟಪವನ್ನು ಬಾಡಿಗೆಗೆ ಹಿಡಿಯಬಲ್ಲವು ಎಷ್ಟು? ಪ್ರತಿಯೊಂದು ಕೋಮೂ ತನ್ನ ಮಕ್ಕಳನ್ನು ತಾನೇ ಮನ್ನಿಸಲಿ ಎಂಬ ವಾದವು ಕೇಳಲು ಸಮನಾಗಿದೆ, ನಡೆಯುವಲ್ಲಿ ಸಮನಾಗಿಲ್ಲ. ಸಂಖ್ಯೆಯೂ ಸಂಪತ್ತೂ ಇದ್ದ ಸಮುದಾಯದ ಮಗುವಿಗೆ ಇಮ್ಮಡಿ ಮನ್ನಣೆ, ಅವೆರಡೂ ಇಲ್ಲದ ಸಮುದಾಯದ ಮಗುವಿಗೆ ಮೌನ. ಮಿಲ್ಲರ್ ಆಜ್ಞೆಯಲ್ಲಿದ್ದ ದೋಷವೇ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಒಂದು ಪಂಗಡಕ್ಕೆ ಮೀಸಲಾದುದು ಎಂಬ ಒಂದೇ ಕಾರಣದಿಂದ ಯಾವ ನೆರವೂ, ಯಾವ ಮನ್ನಣೆಯೂ ಒಡಕಿನದಾಗುವುದಿಲ್ಲ. ಅದು ಯಾವ ಕೊರತೆಯನ್ನು ತುಂಬಲು ಹುಟ್ಟಿತು, ಆ ಕೊರತೆ ಇನ್ನೂ ಇದೆಯೇ, ಪಡೆದವನನ್ನು ಅದು ಯಾವ ಬಾಗಿಲಿನ ಕಡೆಗೆ ಕರೆದೊಯ್ಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಶತಮಾನದ ಹಿಂದಿನ ವಿದ್ಯಾರ್ಥಿನಿಲಯ ಈ ಮೂರರಲ್ಲಿಯೂ ತೇರ್ಗಡೆಯಾಗುತ್ತದೆ. ಪರಿಶಿಷ್ಟರ ವಿದ್ಯಾರ್ಥಿವೇತನ ಇಂದಿಗೂ ತೇರ್ಗಡೆಯಾಗುತ್ತದೆ. ಪ್ರಬಲ ಸಂಘಗಳ ಇಂದಿನ ಪುರಸ್ಕಾರ ಮೊದಲನೆಯದರಲ್ಲಿ ಹಳೆಯ ಪುಣ್ಯದ ಬಲದಿಂದ ನಿಲ್ಲುತ್ತದೆ, ಉಳಿದೆರಡರಲ್ಲಿ ತಡವರಿಸುತ್ತದೆ.

ಸಂಘಗಳು ಈ ಕಾರ್ಯವನ್ನು ನಿಲ್ಲಿಸಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ; ಹೇಳಿದರೆ ನಿಲ್ಲುವುದೂ ಇಲ್ಲ. ತಮ್ಮ ಹಿರಿಯರ ಮಾರ್ಗವನ್ನು ಅವು ನೆನೆದರೆ ಸಾಕು. ಶಾಲಿನ ವೆಚ್ಚದಲ್ಲಿ ಒಂದು ಪಾಲು ಶುಲ್ಕಕ್ಕೆ ಸಲ್ಲಲಿ. ಅಂಕದೊಡನೆ ಅಗತ್ಯವನ್ನೂ ಅಳೆಯಲಿ. ಪ್ರತಿಯೊಂದು ವೇದಿಕೆಯ ಮೇಲೆಯೂ, ಆ ಬಡಾವಣೆಯ ಶಾಲೆಯಲ್ಲಿ ಓದಿದ, ಯಾವ ಸಂಘವೂ ಇಲ್ಲದ ಒಂದೆರಡು ಮಕ್ಕಳಿಗೆ ಕುರ್ಚಿಯಿರಲಿ. ತೋಟದಪ್ಪನವರು ವಿದ್ಯಾರ್ಥಿನಿಲಯವನ್ನು ತಮ್ಮವರಿಗೆ ಕಟ್ಟಿಸಿದರು, ಛತ್ರವನ್ನು ದಾರಿಯಲ್ಲಿ ಬಂದವರಿಗೆ ಕಟ್ಟಿಸಿದರು. ಮೊದಲನೆಯದನ್ನು ಅನುಸರಿಸುವವರು ಎರಡನೆಯದನ್ನೂ ಅನುಸರಿಸಿದ ದಿನ, ಆ ವಿದ್ಯಾರ್ಥಿಯ ಪ್ರಶ್ನೆಗೆ ಅಧ್ಯಾಪಕನು ಉತ್ತರ ಹೇಳಬಹುದು.